ಮೀನುಗಳ ಬಿಡದಿ

ನಮ್ಮ ಯಜಮಾನರು ಹೆಲ್ತ್ ಇನ್ಸ್‌ಪೆಕ್ಟರ್ ಕೆಲಸದಿಂದ ನಿವೃತ್ತರಾದ ದಿನ ಕಚೇರಿಯವರು ಅವರಿಗೆ ಹಾರ ಹಾಕಿ, ಗುಂಪಿನ ಫೋಟೋ ತೆಗೆಸಿ, ಉಪ್ಪಿಟ್ಟು ಕೇಸರಿಬಾತು ಕೊಟ್ಟು ಕಳಿಸಿದರು. ಅದೇ ದಿನ ನಾನೂ ನಿವೃತ್ತಳಾದೆ. ನಾನು ಒಪ್ಪಿಸಿದ್ದು ಸೊಳ್ಳೆಪರದೆಯ ಬಟ್ಟೆಯಲ್ಲಿ ಹೊಲಿದ ಎರಡು ಬಲೆ, ಅಂಚು ಚಕ್ಕೆ ಎದ್ದ ಒಂದು ಬಿಳಿ ಪಿಂಗಾಣಿ ಬಟ್ಟಲು, ಮತ್ತು ಹಿತ್ತಲಿನ ಕಲ್ಲುತೊಟ್ಟಿಯ ತುಂಬ ಮೀನು. ಹೊಸದಾಗಿ ಬಂದ ಇನ್ಸ್‌ಪೆಕ್ಟರು ತೊಟ್ಟಿಯನ್ನು ಬಗ್ಗಿ ನೋಡಿ, ಇವಕ್ಕೆ ದಿನಾ ಏನು ಹಾಕಬೇಕಮ್ಮ ಎಂದು ಕೇಳಿದರು. ಏನೂ ಹಾಕಬೇಡಿ, ದಿನಾ ನೋಡಿ ಎಂದೆ. ಅವರು ನಕ್ಕರು. ನಾನು ತಮಾಷೆಗೆ ಹೇಳಿರಲಿಲ್ಲ.

ಈಗ ನಮ್ಮ ಬೀದಿಯ ಕೊನೆ ಮನೆಯ ಸರೋಜ ಆರೋಗ್ಯ ಇಲಾಖೆಗೆ ಸೇರಿದ್ದಾಳೆ. ಟ್ರೈನಿಂಗಿನಲ್ಲಿ ಅವಳಿಗೆ 'ಸೊಳ್ಳೆ ಇರುವ ಬಾವಿಗೆ ಮೀನು ಬಿಡತಕ್ಕದ್ದು' ಎಂದು ಒಂದೇ ಸಾಲು ಬರೆಸಿದ್ದಾರಂತೆ. ಆ ಒಂದು ಸಾಲನ್ನು ಮಾಡುವುದು ಹೇಗೆಂದು ಬರೆದುಕೊಡಿ ಅಂತ ನೋಟ್‌ಬುಕ್ಕನ್ನು ಇಟ್ಟುಹೋದಳು. ಬರೆಯಲು ಕೂತರೆ ನನಗೆ ಮೊದಲು ನೆನಪಾಗುವುದು ಪಾವಗಡದ ಒಂದು ಮನೆಯ ಬಾವಿ, ಆ ಮನೆಯ ಸೊಸೆ ಗೌರಿ. ಅದನ್ನೇ ಬರೆಯುತ್ತೇನೆ. ಉಳಿದದ್ದು ಅದರ ಜೊತೆ ಬರುತ್ತದೆ.

ಮಹಾರಾಜರ ಕಾಲ. ಯಜಮಾನರಿಗೆ ಮಧುಗಿರಿಗೆ ವರ್ಗವಾಗಿತ್ತು. ಕೊರಟಗೆರೆ, ಶಿರಾ, ಪಾವಗಡ ಎಲ್ಲ ಅವರ ಸುತ್ತಾಟದ ಸೀಮೆ. ಚಳಿಜ್ವರ ಬಂದ ಊರುಗಳಿಗೆ ಹೋಗುವುದು, ಕ್ವಿನೈನ್ ಹಂಚುವುದು, ನೀರು ನಿಂತ ಗುಂಡಿಗೆ ಎಣ್ಣೆ ಹೊಡೆಸುವುದು. ಆದರೆ ಕುಡಿಯುವ ನೀರಿನ ಬಾವಿಗೆ ಎಣ್ಣೆ ಹೊಡೆಯುವಂತಿಲ್ಲವಲ್ಲ. ಅದಕ್ಕಾಗಿ ಬೆಂಗಳೂರಿನಿಂದ ಬಸ್ಸಿನ ಮೇಲೆ ಒಂದು ತಗಡಿನ ಡಬ್ಬ ಬಂತು. ಮುಚ್ಚಳಕ್ಕೆ ಮೊಳೆಯಲ್ಲಿ ತೂತು ಹೊಡೆದಿತ್ತು. ಒಳಗೆ ಕಿರುಬೆರಳಿನಷ್ಟು ಉದ್ದದ ಬೂದುಬಣ್ಣದ ಮೀನು. ಹುಟ್ಟಿದಂದಿನಿಂದ ಅದಕ್ಕೆ ಸೊಳ್ಳೆಯ ಮರಿಹುಳು ಅಂದರೆ ಪ್ರಾಣ. ಇಲಾಖೆಯವರು ಅದನ್ನು ಗಂಬೂಸಿಯಾ ಎನ್ನುತ್ತಿದ್ದರು. ನಮ್ಮ ಮನೆಯಲ್ಲಿ ಅದು ಗಂಬೂಸಿ ಆಯಿತು.

ನಾವು ಲಿಂಗವಂತರು. ನಮ್ಮ ತವರಿನಲ್ಲಿ ಮೀನಿನ ಅಂಗಡಿಯ ಬೀದಿಯಲ್ಲಿ ಕೂಡ ಹಾಯುತ್ತಿರಲಿಲ್ಲ. ಹಿತ್ತಲಿನ ತೊಟ್ಟಿಯಲ್ಲಿ ಮೀನು ಸಾಕುತ್ತಾರಂತೆ ಅಂತ ಸುದ್ದಿ ಹಬ್ಬಿದ ಮೇಲೆ ಪಕ್ಕದ ಮನೆಯವರು ನಮ್ಮ ಮನೆಯಲ್ಲಿ ಮಜ್ಜಿಗೆ ಕುಡಿಯುವುದನ್ನು ಒಂದು ತಿಂಗಳು ನಿಲ್ಲಿಸಿದ್ದರು. ಯಜಮಾನರೂ ಮೊದಲ ದಿನ ಡಬ್ಬವನ್ನು ತೋಳಿನಷ್ಟು ದೂರ ಹಿಡಿದುಕೊಂಡೇ ತೊಟ್ಟಿಗೆ ಧಡಕ್ಕನೆ ಸುರಿದರು. ಮಟಮಟ ಮಧ್ಯಾಹ್ನ. ಮಧುಗಿರಿಯ ಬಿಸಿಲಲ್ಲಿ ಬೆಟ್ಟದ ಬಂಡೆಯೂ ಕಾಯುತ್ತದೆ, ಹಿತ್ತಲಿನ ತೊಟ್ಟಿಯೂ ಕಾಯುತ್ತದೆ. ಸಂಜೆಯ ಹೊತ್ತಿಗೆ ಅರ್ಧ ಮೀನು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು.

ತಿಂಗಳಿಗೊಮ್ಮೆ ಕಾರಿನಲ್ಲಿ ಬರುತ್ತಿದ್ದ ಮಲೇರಿಯಾ ಡಾಕ್ಟರಿಗೆ ಅದನ್ನು ಹೇಳಿದೆವು. ಅವರು ಒಳ್ಳೆಯವರೇ. ಆದರೆ ಯಾವಾಗಲೂ ಅವಸರ. ಟೋಪಿ ತೆಗೆಯದೆಯೇ ಕಾಫಿ ಕುಡಿಯುವವರು. ಮೀನಿಗೆ ನೀರೆಲ್ಲ ಒಂದೇ ಅಮ್ಮ, ಸುರಿಯಿರಿ, ಮರೆತುಬಿಡಿ ಎಂದರು.

ನಾನು ಮರೆಯಲಿಲ್ಲ. ಕಾರಣ ಹೇಳುತ್ತೇನೆ. ನಾನು ಓದಿದ್ದು ಬೆಂಗಳೂರಿನ ಕಾನ್ವೆಂಟಿನಲ್ಲಿ. ಒಂಬತ್ತನೆಯ ವಯಸ್ಸಿಗೆ ನನ್ನನ್ನು ಅಲ್ಲಿಯ ಬೋರ್ಡಿಂಗಿಗೆ ಬಿಟ್ಟು ನಮ್ಮಪ್ಪ ತಿರುಗಿ ನೋಡದೆ ಹೋದರು. ನೋಡಿದ್ದರೆ ಅವರೂ ಅಳುತ್ತಿದ್ದರು ಅಂತ ಆಮೇಲೆ ಗೊತ್ತಾಯಿತು. ಅಲ್ಲಿ ಒಂದು ನಿಯಮವಿತ್ತು. ಹೊಸ ಹುಡುಗಿಯನ್ನು ಮೊದಲ ದಿನ ಯಾರೂ ಪ್ರಶ್ನೆ ಕೇಳಬಾರದು, ಊಟಕ್ಕೆ ಒತ್ತಾಯ ಮಾಡಬಾರದು, ದೊಡ್ಡ ಹುಡುಗಿಯೊಬ್ಬಳು ಸುಮ್ಮನೆ ಹತ್ತಿರ ಕೂತು ತನ್ನ ಕಸೂತಿ ಮಾಡಿಕೊಂಡಿರಬೇಕು. ಆಗ್ನೆಸ್ ಸಿಸ್ಟರ್ ಹೇಳುತ್ತಿದ್ದರು, ಮೊದಲ ದಿನ ನಿಮ್ಮ ಪ್ರೀತಿ ಅವಳಿಗೆ ಭಾರ, ನಾಳೆಗೆ ಇಟ್ಟುಕೊಳ್ಳಿ ಅಂತ. ಸಿಸ್ಟರ್ ಅವರ ಕೋಣೆಯಲ್ಲಿ ಒಂದು ಗಾಜಿನ ಬೋಗುಣಿಯಲ್ಲಿ ಎರಡು ಕೆಂಪು ಮೀನಿದ್ದವು. ಅವುಗಳಿಗೂ ಇದೇ ನಿಯಮ.

ಹಾಗಾಗಿ ಮೊದಲು ಕಲಿಯೋಣ ಅನ್ನಿಸಿತು. ಪಟಕ್ಕೆ ಕಟ್ಟು ಹಾಕುವ ಅಂಗಡಿಯ ಆಚಾರ್ರಿಗೆ ಹೇಳಿ ಕಿಟಕಿಯ ಗಾಜಿನಲ್ಲಿ ಒಂದು ತೊಟ್ಟಿ ಮಾಡಿಸಿದೆ. ದೇವರ ಪಟ ಬಿಟ್ಟು ಬೇರೆ ಮಾಡಿ ಗೊತ್ತಿಲ್ಲದ ಆಚಾರ್ರು ಅದಕ್ಕೂ ನಾಲ್ಕು ಮೂಲೆಗೆ ಹೂವಿನ ಕೆತ್ತನೆ ಹಾಕಿಕೊಟ್ಟರು. ಮೂರು ಸಲ ಸೋರಿತು. ರಾಳ, ಜೇನುಮೇಣ ಕಾಯಿಸಿ ಮೆತ್ತಿದ ಮೇಲೆ ನಿಂತಿತು. ಅಡಿಗೆಮನೆಯ ಕಿಟಕಿಯ ಪಕ್ಕ ಇಟ್ಟುಕೊಂಡು ಬೇಳೆ ಆರಿಸುತ್ತಾ ನೋಡುತ್ತಿದ್ದೆ. ಹೊಸದಾಗಿ ಬಂದ ಮೀನು ಮೊದಲ ದಿನ ಮೂಲೆಯಲ್ಲಿ ತಳ ಹಿಡಿಯುತ್ತದೆ. ಕಿವಿರು ಮಾತ್ರ ಆಡುತ್ತದೆ. ಎರಡನೆಯ ದಿನ ಗಾಜಿನ ಗೋಡೆಯನ್ನು ಮೂಗಿನಿಂದ ಮುಟ್ಟಿಮುಟ್ಟಿ ಮನೆ ಎಷ್ಟು ದೊಡ್ಡದೆಂದು ತಿಳಿದುಕೊಳ್ಳುತ್ತದೆ. ಮೂರನೆಯ ದಿನ ಉಳಿದವುಗಳ ಹಿಂದೆ ಹೋಗುತ್ತದೆ. ಅಲ್ಲಿಯವರೆಗೆ ನೀವು ಮಾಡಬೇಕಾದದ್ದು ಏನೂ ಇಲ್ಲ. ಏನೂ ಮಾಡದೆ ಇರುವುದೇ ಬಹಳ ಕಷ್ಟ. ಮಜ್ಜಿಗೆ ಬಿಟ್ಟಿದ್ದ ಪಕ್ಕದ ಮನೆಯವರು ಗಾಜಿನ ತೊಟ್ಟಿ ನೋಡುವ ಆಸೆಗೆ ಮತ್ತೆ ಬಂದರು. ಬಂದವರು, ಮನೆಗೆ ಬಂದ ಅತಿಥಿಗೆ ಬರೀ ನೀರಾ ಅಂತ ನಾನಿಲ್ಲದಾಗ ಒಂದು ಹಿಡಿ ಪುರಿ ಹಾಕಿಬಿಟ್ಟರು. ಮರುದಿನ ನೀರು ಗಬ್ಬು ನಾರಿತು. ಸರೋಜ, ಇದನ್ನು ಅಡಿಗೆರೆ ಎಳೆದು ಇಟ್ಟುಕೋ. ಹೊಸ ಮೀನು ಸಾಯುವುದು ಹಸಿವಿನಿಂದಲ್ಲ, ಉಪಚಾರದಿಂದ.

ಕೊರಟಗೆರೆಯಲ್ಲಿ ಇನ್ನೊಂದು ಪಾಠವಾಯಿತು. ಅಲ್ಲಿಯ ಪಟೇಲರ ಬಾವಿಗೆ ಎರಡು ಸಲ ಮೀನು ಬಿಟ್ಟೆವು. ಎರಡು ಸಲವೂ ವಾರದೊಳಗೆ ಒಂದೂ ಇಲ್ಲ. ಯಾರೋ ಹಿಡಿದು ಸಾರು ಮಾಡಿದ್ದಾರೆಂದು ಯಜಮಾನರಿಗೆ ಅನುಮಾನ ಬಂದು ಬೀದಿಯವರನ್ನೆಲ್ಲ ವಿಚಾರಿಸಿ ಬೈಸಿಕೊಂಡರು. ಮೂರನೆಯ ಸಲ ನಾನೂ ಹೋಗಿ ಮಧ್ಯಾಹ್ನದವರೆಗೆ ಬಾವಿಕಟ್ಟೆಯ ಮೇಲೆ ಕೂತೆ. ಸೂರ್ಯ ನೆತ್ತಿಗೆ ಬಂದು ಬೆಳಕು ತಳಕ್ಕೆ ಇಳಿದಾಗ ಒಂದು ತಲೆ ಮೇಲೆ ಬಂತು. ಆಮೆ. ನೀರು ಚೊಕ್ಕಟವಾಗಿರಲಿ ಅಂತ ಪಟೇಲರ ತಾತನೇ ಬಿಟ್ಟದ್ದಂತೆ. ನಾವು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ. ಅಂದಿನಿಂದ ಯಾವ ಬಾವಿಗೆ ಹೋದರೂ ನನ್ನ ಮೊದಲ ಪ್ರಶ್ನೆ, ಒಳಗೆ ಹಿರಿಯರು ಯಾರಾದರೂ ಇದ್ದಾರೆಯೇ ಎನ್ನುವುದು.

ಈಗ ಪಾವಗಡ. ಕೋಟೆಯ ಕೆಳಗಿನ ಬೀದಿಯಲ್ಲಿ ಕಾಳುಕಡ್ಡಿ ವ್ಯಾಪಾರದ ಒಂದು ಶೈವರ ಮನೆ. ಯಜಮಾನಿಕೆ ಶಿವಮ್ಮನವರದು. ಮಗ ವ್ಯಾಪಾರಕ್ಕೆ ಊರೂರು ತಿರುಗುವವನು. ಸೊಸೆ ಗೌರಿ. ಅವಳಿಗೆ ಎರಡು ಸಲ ಬಸಿರು ನಿಂತು, ಎರಡು ಸಲವೂ ಏಳನೆಯ ತಿಂಗಳಿಗೆ ಚಳಿಜ್ವರ ಬಂದು ಮಗು ಹೋಗಿತ್ತು. ಈಗ ಮೂರನೆಯದು, ಐದು ತಿಂಗಳು. ಕ್ವಿನೈನ್ ಕೊಟ್ಟರೆ ಬಸಿರು ಇಳಿಯುತ್ತದೆಂದು ಶಿವಮ್ಮನವರು ಅದನ್ನು ಮನೆಯೊಳಗೇ ಬಿಡುತ್ತಿರಲಿಲ್ಲ. ಯಜಮಾನರು ಆ ಬೀದಿಯನ್ನೆಲ್ಲ ಸುತ್ತಿ ನೋಡಿದ್ದರು. ಪಾವಗಡದಲ್ಲಿ ಗುಂಡಿಯಲ್ಲಿ ನಿಲ್ಲಲು ನೀರೆಲ್ಲಿದೆ? ಸೊಳ್ಳೆ ಹುಟ್ಟುತ್ತಿದ್ದದ್ದು ಒಂದೇ ಕಡೆ, ಅವರದೇ ಮನೆಯ ನಡುವಿನ ಬಾವಿಯಲ್ಲಿ. ಬಿಳಿ ಬಟ್ಟಲಿನಲ್ಲಿ ನೀರು ಎತ್ತಿದರೆ ಮರಿಹುಳುಗಳು ಅಲ್ಪವಿರಾಮದ ಹಾಗೆ ಮಣಿಯುತ್ತಿದ್ದವು.

ಕುಡಿಯುವ ನೀರಿಗೆ, ಪೂಜೆಯ ನೀರಿಗೆ ಮೀನು ಅಂದಾಗ ಶಿವಮ್ಮನವರು ಯಜಮಾನರನ್ನು ಹೊಸಿಲು ದಾಟಲು ಬಿಡಲಿಲ್ಲ. ಎರಡನೆಯ ಸಲ ನಾನು ಹೋದೆ. ವಿಭೂತಿ ನೋಡಿ, ಕೊರಳ ಲಿಂಗ ನೋಡಿ, ಕೂರಲು ಚಾಪೆ ಕೊಟ್ಟರು. ಪಾವಗಡದಲ್ಲಿ ಕನ್ನಡದಲ್ಲಿ ಶುರುವಾದ ಮಾತು ತೆಲುಗಿನಲ್ಲಿ ಮುಗಿಯುತ್ತದೆ. ಅವರ ಮಾತೆಲ್ಲ ನನಗೆ ತಿಳಿಯಲಿಲ್ಲ. ಕೊನೆಯದು ಚೆನ್ನಾಗಿ ತಿಳಿಯಿತು.

"ನಮ್ಮ ಕೋಡಲು ಹೊಟ್ಟೇಲಿರೋದು ಉಳೀಲಿ ಅಂತ ಒಪ್ಪಿದೀನಿ ಕಣಮ್ಮ. ಬಾವೀಲಿ ಒಂದು ಸತ್ತ ಮೀನು ಸಿಕ್ತು ಅಂದ್ರೆ ಅಲ್ಲಿಗೆ ಮುಗೀತು. ನೀನೂ ಬರಬ್ಯಾಡ, ನಿನ್ನ ಗಂಡನೂ ಬರಬ್ಯಾಡ."

ಕೋಡಲು ಅಂದರೆ ಸೊಸೆ. ಕಂಬದ ಹಿಂದೆ ನಿಂತಿದ್ದ ಗೌರಿ ನನ್ನನ್ನೇ ನೋಡುತ್ತಿದ್ದಳು. ಎರಡು ಕೈಯೂ ಹೊಟ್ಟೆಯ ಮೇಲಿದ್ದವು.

ಇಲ್ಲಿ ನಾನು ಮಾಡಿದ ತಪ್ಪನ್ನು ಬರೆಯಲೇಬೇಕು. ಅಷ್ಟು ಮಡಿಯ ಮನೆಗೆ ನಾವು ಉಪಯೋಗಿಸಿದ ಮಡಕೆಯಲ್ಲಿ ಮೀನು ಒಯ್ದರೆ ಒಪ್ಪುತ್ತಾರೆಯೇ? ತಗಡಿನ ಡಬ್ಬ ಅಂತೂ ಆಗದು. ನಮ್ಮಲ್ಲಿ ಎಂದಿಗೂ ಮೈಲಿಗೆಯಾಗದ ಪಾತ್ರೆ ಅಂದರೆ ತಾಮ್ರ. ನನ್ನ ಮದುವೆಗೆ ಕೊಟ್ಟ ತಾಮ್ರದ ಕೊಡವನ್ನು ಅಟ್ಟದಿಂದ ಇಳಿಸಿ ಹುಣಸೆಹಣ್ಣು, ಬೂದಿ ಹಾಕಿ ಮುಖ ಕಾಣುವ ಹಾಗೆ ಉಜ್ಜಿದೆ. ತುಂಬ ಹೆಮ್ಮೆ ನನಗೆ. ಇಪ್ಪತ್ತು ಮೀನು ತುಂಬಿಸಿಕೊಂಡು ಬೆಳಗಿನ ಬಸ್ಸಿನಲ್ಲಿ ಕೊಡವನ್ನು ಮಡಿಲಲ್ಲಿಟ್ಟುಕೊಂಡು ಹೋದೆ. ಶಿವಮ್ಮನವರು ಕೊಡವನ್ನು ನೋಡಿಯೇ ಮೆತ್ತಗಾದರು. ಮೀನುಗಳು ಮೇಲಕ್ಕೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಬಾವಿಗೆ ಇಳಿಯಲು ಅವಸರ ಮಾಡುತ್ತಿವೆ ಅಂದುಕೊಂಡೆ. ಕೊಡವನ್ನು ಹಗ್ಗದಲ್ಲಿ ಇಳಿಸಿ, ಡಾಕ್ಟರು ಹೇಳಿದ ಹಾಗೆ ಒಂದೇ ಸಲಕ್ಕೆ ಬಗ್ಗಿಸಿ, ಸಂಜೆಯ ಬಸ್ಸಿಗೆ ಊರಿಗೆ ಬಂದುಬಿಟ್ಟೆ.

ಮರುದಿನ ಬೆಳಿಗ್ಗೆ ಪೂಜೆಗೆ ಸೇದಿದ ಮೊದಲ ಕೊಡದಲ್ಲೇ ಒಂದು ಸತ್ತ ಮೀನು. ಮಧ್ಯಾಹ್ನದ ಹೊತ್ತಿಗೆ ಒಂದೊಂದಾಗಿ ಎಲ್ಲವೂ ತೇಲಿದವು. ಆಳು ಹಚ್ಚಿ ಬಾವಿಯ ನೀರನ್ನೆಲ್ಲ ಸೇದಿ ಹೊರಗೆ ಚೆಲ್ಲಿ, ಗಂಗೆಪೂಜೆ ಮಾಡಿಸಿದರಂತೆ. ಆ ವಾರ ಅಲ್ಲಿಗೆ ಹೋದ ಯಜಮಾನರಿಗೆ ಬೀದಿಯ ಉದ್ದಕ್ಕೂ ಆದ ಮಂಗಳಾರತಿಯನ್ನು ಅವರು ಪೂರ್ತಿ ಹೇಳಲಿಲ್ಲ. ಊಟ ಮಾಡುವಾಗ ಇಷ್ಟೇ ಅಂದರು, "ಆ ಹುಡುಗಿ ಹಿಂದಿನ ಬಾಗಿಲಿಗೆ ಬಂದು, ಇನ್ನೊಂದ್ಸಲ ಬರ್ತಾರಾ ಅಂತ ಕೇಳಿದಳು ಕಣೆ."

ಯಾಕೆ ಸತ್ತವು? ಬಾವಿಯ ನೀರು ಗಡಸು, ಸ್ವಲ್ಪ ಸವಳು, ಅದಕ್ಕೇ ಇರಬೇಕು ಎಂದು ಯಜಮಾನರು. ಮೀನೇ ಬಲಹೀನ ಎಂದು ಡಾಕ್ಟರು. ಉತ್ತರ ಕೊಟ್ಟವರು ಇಲಾಖೆಗೆ ಸೇರಿದವರೇ ಅಲ್ಲ. ವರ್ಷಕ್ಕೆರಡು ಸಲ ಶಿರಾದಿಂದ ಬಂದು ಹೊಂಗೆಮರದ ಕೆಳಗೆ ತಿದಿ ಹೂಡಿ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ ಮದಾರ್ ಸಾಬರು. ಹಿತ್ತಾಳೆ ಪಾತ್ರೆಗಳನ್ನು ಕೊಡಲು ಹೋದಾಗ ಈ ತಾಮ್ರದ ಕೊಡವೂ ಜೊತೆಗಿತ್ತು. ಬಹಳ ಚೆನ್ನಾಗಿ ತೊಳೆದಿದ್ದೀರಲ್ಲ ಅಮ್ಮಾ, ಇದರಲ್ಲೇನು ಇಡ್ತೀರಿ ಅಂತ ಕೇಳಿದರು. ನನಗೆ ದುಃಖ ಬಂದು ಎಲ್ಲ ಹೇಳಿಬಿಟ್ಟೆ. ಅವರು ಕೊಡದೊಳಗೆ ಬೆರಳಾಡಿಸಿ, ಬೆರಳ ತುದಿಯನ್ನು ನಾಲಿಗೆಗೆ ಮುಟ್ಟಿಸಿ ಉಗುಳಿದರು.

"ಕಲಾಯಿ ಇಲ್ದಿರೋ ತಾಮ್ರದಾಗೆ ನೀವು ಮೊಸರು ಇಡ್ತೀರಾ ಅಮ್ಮಾ?"

ಇಡುವುದಿಲ್ಲ, ಕಿಲುಬುತ್ತದೆ ಎಂದೆ.

"ಮೊಸರಿಗೇ ಆಗಲ್ಲ. ಜಾನ್ ಇರೋ ಮೀನಿಗೆ ಆಗ್ತದಾ?"

ಮನೆಗೆ ಓಡಿಬಂದು ಕಾನ್ವೆಂಟಿನಲ್ಲಿ ಕಲಿಸಿದ ಹಾಗೆ ಪರೀಕ್ಷೆ ಮಾಡಿದೆ. ಹಳೆಯ ಮಣ್ಣಿನ ಮಡಕೆಯಲ್ಲಿ ಎರಡು ಮೀನು, ತಾಮ್ರದಲ್ಲಿ ಎರಡು. ಒಂದೇ ನೀರು, ಒಂದೇ ನೆರಳು. ಮಧ್ಯಾಹ್ನಕ್ಕೆ ತಾಮ್ರದವು ಮೇಲೆ ಬಂದು ಬಾಯಿ ಬಿಡಲು ಶುರುಮಾಡಿದವು. ಅದೇ ಬಾಯಿ. ಬಸ್ಸಿನಲ್ಲಿ ನನ್ನ ಮಡಿಲಲ್ಲಿ ಬಿಟ್ಟಿದ್ದ ಅದೇ ಬಾಯಿ. ತಕ್ಷಣ ಎತ್ತಿ ತೊಟ್ಟಿಗೆ ಹಾಕಿದೆ. ಒಂದು ಉಳಿಯಿತು, ಒಂದು ಉಳಿಯಲಿಲ್ಲ. ಅವುಗಳಿಗೆ ಮಾತು ಬರುತ್ತಿತ್ತು. ಕೇಳಲು ನನಗೆ ಬಂದಿರಲಿಲ್ಲ.

ಗೌರಿಗೆ ಆರನೆಯ ತಿಂಗಳು ಬಿದ್ದಿತ್ತು. ತಪ್ಪು ನನ್ನದೆಂದು ಹೇಳಿಯಾದರೂ ಬರೋಣ ಅಂತ ಹೊರಟೆ. ಬಾವಿಗೆ ಬಿಡಲೆಂದು ಒಯ್ದರೆ ಬಾಗಿಲು ಮುಚ್ಚುತ್ತಾರೆ. ಆದ್ದರಿಂದ ತೋರಿಸಲಿಕ್ಕೆಂದು ಪೆಪ್ಪರಮೆಂಟಿನ ಗಾಜಿನ ಬರಣಿಯಲ್ಲಿ ನಾಲ್ಕೇ ನಾಲ್ಕು ಮೀನು ಹಾಕಿಕೊಂಡೆ. ಹಿಂದಿನ ಸಂಜೆಯಿಂದ ಅವಕ್ಕೆ ತಿನ್ನಲು ಸಿಗದಂತೆ ಬೇರೆ ಇಟ್ಟಿದ್ದೆ. ಪ್ರಯಾಣದಲ್ಲಿ ನೀರು ಕೆಡಬಾರದೆಂದು.

ಶಿವಮ್ಮನವರು ಜಗಲಿಯಲ್ಲೇ ಕೂತಿದ್ದರು.

"ಮತ್ತೆ ತಂದ್ಬುಟ್ಯಾ ಇನ್ಸ್‌ಪೆಕ್ಟರಮ್ಮ? ನಮ್ಮ ಬಾವಿ ಏನು ಮೀನುಗಳ ಸ್ಮಶಾನ ಅಂದ್ಕಂಡ್ಯಾ?"

ಬಾವಿಗಲ್ಲ ಅಮ್ಮ, ನಿಮ್ಮ ನೀರಿನದೇನೂ ತಪ್ಪಿಲ್ಲ, ನನ್ನ ಕೊಡದ ತಪ್ಪು, ಅದನ್ನು ಹೇಳಲು ಬಂದೆ ಎಂದು ಮೊಸರಿನ ಮಾತನ್ನು ಹೇಳಿದೆ. ಅವರು ಮೊದಲ ಸಲ ನನ್ನ ಮುಖವನ್ನು ಸರಿಯಾಗಿ ನೋಡಿದರು. ಕಿಲುಬಿನ ವಿಷಯ ಅಡಿಗೆಮನೆಯ ಯಾವ ಹೆಂಗಸಿಗೂ ವಿವರಿಸಬೇಕಾಗಿಲ್ಲ. ಅಷ್ಟು ಓದಿದವಳಿಗೆ ಇಷ್ಟು ತಿಳೀಲಿಲ್ಲವೇ ಎಂದರು. ತಿಳಿಯಲಿಲ್ಲ ಎಂದೆ.

ಅಷ್ಟರಲ್ಲಿ ಗೌರಿ ಬಂದು ಬರಣಿಯ ಪಕ್ಕ ಕುಕ್ಕುರುಗಾಲಲ್ಲಿ ಕೂತಿದ್ದಳು. ಅವಳ ದನಿಯನ್ನು ನಾನು ಕೇಳಿದ್ದು ಆಗಲೇ.

"ಅತ್ತೆ, ಇದ್ರ ಹೊಟ್ಟೆ ನೋಡ್ರಿ. ಒಳಗೆ ಸಣ್ಣಸಣ್ಣ ಕಣ್ಣು ಕಾಣ್ತಾವೆ."

ಮೊಟ್ಟೆಯಾ ಎಂದು ಶಿವಮ್ಮನವರು ಸೆರಗು ಮೂಗಿಗೆ ಹಿಡಿದರು. ಈ ಜಾತಿ ಮೊಟ್ಟೆ ಇಡುವುದಿಲ್ಲ ಅಮ್ಮ, ಹಸುವಿನ ಹಾಗೆ ಮರಿಯನ್ನೇ ಹಾಕುತ್ತದೆ, ನಾಲ್ಕರಲ್ಲಿ ಮೂರು ಬಸುರಿಯರು ಎಂದೆ. ಅವರು ಸೆರಗು ಇಳಿಸಿ ಬರಣಿಯ ಹತ್ತಿರ ಬಗ್ಗಿದರು. ಎಷ್ಟು ತಿಂಗಳು ಎಂದು ಕೇಳಿದರು. ತಿಂಗಳಲ್ಲ, ಒಟ್ಟು ನಾಲ್ಕೈದು ವಾರ, ಇವಕ್ಕೆ ಇನ್ನು ಕೆಲವೇ ದಿನ ಇರಬೇಕು ಎಂದೆ. ಆಗ ನೋಡಬೇಕಿತ್ತು ಅವರ ಕೋಪವನ್ನು.

"ದಿನ ತುಂಬಿದ ಬಸುರೀರ್ನ ಬಸ್ಸಲ್ಲಿ ಕುಲುಕಿಸ್ಕೊಂಡು ಬಂದಿದೀಯಲ್ಲ, ನಿಂಗೆ ಬುದ್ಧಿ ಐತಾ? ಈಗ ವಾಪಸ್ ಬೇರೆ ಒಯ್ತೀಯಾ?"

ಒಯ್ಯಬೇಕಲ್ಲ ಅಮ್ಮ ಎಂದೆ. ಅವರು ಗೌರಿಯ ಕಡೆ ನೋಡಿದರು, ಬರಣಿಯ ಕಡೆ ನೋಡಿದರು. ಹೊಸಿಲಿಗೆ ಬಂದ ಬಸುರಿಯನ್ನು ಈ ಮನೆಯವರು ಯಾವತ್ತೂ ತಿರುಗಿಸಿ ಕಳಿಸಿಲ್ಲ, ಮೀನಾದರೇನು ಎಂದರು. ಆಮೇಲೆ ಬೆರಳೆತ್ತಿ, ಷರತ್ತು ಅದೇ, ಒಂದು ಸತ್ತದ್ದು ಕಂಡರೂ ಮುಗಿಯಿತು ಎಂದರು.

ಹೇಗೆ ಬಿಡುತ್ತೀಯೆಂದು ಕೇಳಿದರು. ಬರಣಿಯನ್ನು ಇಳಿಸಿ ಬಗ್ಗಿಸುತ್ತೇನೆ ಎಂದೆ. ಅದಕ್ಕೆ ಅವರು ಆಡಿದ ಮಾತು ನನ್ನ ಕೆಲಸವನ್ನೇ ಬದಲಾಯಿಸಿತು.

"ಮದುವೆಗೆ ಬಂದ ಬೀಗರನ್ನ ಬಂಡಿ ಇಳಿದ ಕೂಡ್ಲೆ ಹಸೆಮಣೆಗೆ ನೂಕ್ತಾರೇನಮ್ಮ? ಬಿಡದಿ ಮನೇಲಿ ಇಳುಸ್ತಾರೆ. ಕಾಲಿಗೆ ನೀರು, ಕುಡಿಯಾಕೆ ನೀರು. ಈ ಊರ ನೀರು ನಾಲಿಗೆಗೆ ಒಗ್ಗಬೇಕು, ಆಮೇಲೆ ಮಿಕ್ಕಿದ್ದು. ನಿಮ್ಮ ಮಧುಗಿರಿ ನೀರು ಬ್ಯಾರೆ, ನಮ್ಮ ಸವಳು ನೀರು ಬ್ಯಾರೆ."

ಬಿಡದಿಗೆ ಮಡಕೆಯನ್ನೂ ಅವರೇ ಕೊಟ್ಟರು. ಬೇಸಿಗೆಯಲ್ಲಿ ಅವರ ಮನೆಯಲ್ಲೇ ಕುಡಿಯುವ ನೀರಿಟ್ಟು ಪಳಗಿದ ಮಡಕೆ. ಬರಣಿಯ ನೀರಿನ ಸಮೇತ ಮೀನುಗಳನ್ನು ಅದಕ್ಕೆ ಇಳಿಸಿ, ನಡುಮನೆಯ ನೆರಳಲ್ಲಿ ಇಟ್ಟೆವು. ಗೌರಿ ಕನಕಾಂಬರ ಕಟ್ಟಲು ಕೂತಳು. ಅವಳು ಒಂದು ಮೊಳ ಹೂ ಕಟ್ಟಿದಾಗ ನಾನು ಮಡಕೆಯಿಂದ ಒಂದು ತೆಂಗಿನ ಚಿಪ್ಪು ನೀರು ತೆಗೆದು, ಬಾವಿಯ ನೀರು ಒಂದು ಚಿಪ್ಪು ಹಾಕುವುದು. ಮತ್ತೆ ಒಂದು ಮೊಳ, ಮತ್ತೆ ಒಂದು ಚಿಪ್ಪು. ನಮ್ಮ ಹತ್ತಿರ ಗಡಿಯಾರವಿರಲಿಲ್ಲ. ಇದ್ದಿದ್ದರೂ ಅಷ್ಟು ಸರಿಯಾಗಿ ನಡೆಯುತ್ತಿರಲಿಲ್ಲ.

ಮೂರನೆಯ ಮೊಳಕ್ಕೆ ಬಸುರಿಗಳಲ್ಲಿ ಒಂದು ತಳಕ್ಕೆ ಇಳಿದು ಓರೆಯಾಗಿ ಕೂತುಬಿಟ್ಟಿತು. ಶಿವಮ್ಮನವರು ನೋಡಿದರು. ಹೋಯಿತೇ ಅಂದರು. ಕಿವಿರು ಆಡುತ್ತಿದೆಯೇ ಎಂದು ನೋಡಿದೆ. ನಿಧಾನವಾಗಿ ಆಡುತ್ತಿತ್ತು. ಅವರು ಪೊರಕೆ ಕಡ್ಡಿಯೊಂದನ್ನು ಮುರಿದು ಅದನ್ನು ತಿವಿದು ಎಬ್ಬಿಸಲು ಬಂದರು. ಬೇಡ ಅಮ್ಮ, ಮುಟ್ಟಬೇಡಿ, ಮಾತಾಡಿಸಬೇಡಿ, ಹೊಸಬಳು ಎಂದು ಕೈ ಹಿಡಿದೆ. ಅಂಥವರ ಕೈಯನ್ನು ನಾನು ಹೇಗೆ ಹಿಡಿದೆನೋ.

ಗೌರಿ ಹೂವಿನಿಂದ ತಲೆಯೆತ್ತದೆ, ತಾನು ಈ ಮನೆಗೆ ಬಂದ ದಿನವೂ ಹೀಗೇ ಮೂಲೆ ಹಿಡಿದಿದ್ದೆ ಅಂದಳು.

"ನಿನ್ನ ಯಾರೂ ಕಡ್ಡೀಲಿ ತಿವೀಲಿಲ್ವಲ್ಲ," ಎಂದರು ಅತ್ತೆ.

"ಕಡ್ಡೀಲಿ ತಿವೀಲಿಲ್ಲ ಅತ್ತೆ."

ಹೇಳಿದ ರೀತಿಗೆ ನನಗೆ ನಗು ಬಂತು. ತಡೆದುಕೊಂಡೆ. ಶಿವಮ್ಮನವರಿಗೂ ಬಂತು. ಅವರು ತಡೆದುಕೊಳ್ಳಲಿಲ್ಲ. ಕಡ್ಡಿಯನ್ನು ಬಿಸಾಡಿ ಅಲ್ಲೇ ಕೂತರು. ನಾವು ಮೂವರೂ ಬಹಳ ಹೊತ್ತು ಸುಮ್ಮನೆ ಕೂತೆವು. ಒಬ್ಬಳು ಹೂ ಕಟ್ಟುತ್ತಾ, ಒಬ್ಬರು ಬತ್ತಿ ಹೊಸೆಯುತ್ತಾ, ನಾನು ಚಿಪ್ಪು ಹಿಡಿದುಕೊಂಡು. ಐದನೆಯ ಮೊಳ ಮುಗಿಯುವ ಹೊತ್ತಿಗೆ ಅದು ಮೇಲಕ್ಕೆದ್ದು ಮಡಕೆಯ ಗೋಡೆಯನ್ನು ಮೂಗಿನಿಂದ ಮುಟ್ಟಿತು.

ಎಂಟು ಮೊಳವಾದ ಮೇಲೆ ಮಡಕೆಯ ಕೊರಳಿಗೆ ಒಂದು ಹಗ್ಗ, ಬುಡಕ್ಕೆ ಇನ್ನೊಂದು ಹಗ್ಗ ಕಟ್ಟಿದೆವು. ಇಳಿಸುವ ಮೊದಲು ಶಿವಮ್ಮನವರು ಆರತಿ ತಟ್ಟೆ ತಂದರು. ಅರಿಸಿನಕ್ಕೆ ಸುಣ್ಣ ಕದಡಿದ ಕೆಂಪು ನೀರು. ಸುಣ್ಣದ ನೀರು ಒಂದು ಗುಟುಕು ಮಡಕೆಗೆ ಬಿದ್ದರೂ ಎಲ್ಲ ಮುಗಿಯುತ್ತದೆ. ಇದನ್ನು ಎಲ್ಲಿ ಸುರಿಯುತ್ತೀರಿ ಅಮ್ಮ ಎಂದು ಕೇಳಿದೆ.

"ಆರತಿ ನೀರನ್ನ ಬಾವಿಗೆ ಸುರೀತಾರಾ? ಬಾಗಿಲ ರಂಗೋಲಿಗೆ ಸುರೀತಾರೆ. ಇದುನ್ನೂ ಹೇಳ್ಕೊಡ್ಲಿಲ್ವಾ ನಿಮ್ಮ ಕಾನ್ಮೆಂಟಲ್ಲಿ?"

ಮಡಕೆಯನ್ನು ಅರ್ಧ ಮುಳುಗುವಷ್ಟು ಇಳಿಸಿ, ರಾಟೆಗೆ ಹಗ್ಗ ಕಟ್ಟಿ, ಬಾವಿಯ ತಂಪಿಗೆ ಸ್ವಲ್ಪ ಹೊತ್ತು ಬಿಟ್ಟೆವು. ಆಮೇಲೆ ಬುಡದ ಹಗ್ಗವನ್ನು ಮೆಲ್ಲಗೆ ಎಳೆದೆ. ಮಡಕೆ ಓರೆಯಾಯಿತು. ನಾನು ಸುರಿಯಲಿಲ್ಲ. ಬಾಗಿಲು ತೆಗೆದೆ ಅಷ್ಟೆ. ಒಂದೊಂದಾಗಿ ತಾವೇ ಹೊರಗೆ ಹೋದವು.

ಆ ರಾತ್ರಿ ಅವರು ನನ್ನನ್ನು ಊರಿಗೆ ಕಳಿಸಲಿಲ್ಲ. ಏನಾದರೂ ಆದರೆ ಬೈಯಲು ಎದುರಿಗೆ ಇರಬೇಕು ಎಂದರು. ಬೆಳಿಗ್ಗೆ ಪೂಜೆಯ ನೀರಿಗೆ ಅವರು ಕೊಡ ಇಳಿಸುವಾಗ ಗೌರಿ ನನ್ನ ಮೊಣಕೈ ಹಿಡಿದುಕೊಂಡಳು. ಕೊಡ ಮೇಲೆ ಬಂತು. ಶಿವಮ್ಮನವರು ಬಗ್ಗಿ ನೋಡಿದರು, ಕೊಡವನ್ನು ತಿರುಗಿಸಿ ಮತ್ತೆ ನೋಡಿದರು. ನೀರು ಬಿಟ್ಟು ಏನೂ ಇರಲಿಲ್ಲ. ಬಾವಿಯಲ್ಲೂ ಏನೂ ತೇಲಿರಲಿಲ್ಲ. ಅವರು ಕೊಡವನ್ನು ಸೊಂಟಕ್ಕಿಟ್ಟುಕೊಂಡು ಪೂಜೆಗೆ ಹೋದರು. ನನಗೆ ತಿಂಡಿಗೆ ಎರಡು ಹೋಳಿಗೆ ಬಂತು.

ಮುಂದಿನ ವಾರ ಯಜಮಾನರು ಅದೇ ಕ್ರಮದಲ್ಲಿ, ಮಣ್ಣಿನ ಮಡಕೆಯಲ್ಲಿ, ಇನ್ನಷ್ಟು ಮೀನು ಒಯ್ದು ಬಿಟ್ಟರು. ಹದಿನೈದು ದಿನಕ್ಕೆ ಬಿಳಿ ಬಟ್ಟಲಿನಲ್ಲಿ ನೀರೆತ್ತಿದರೆ ಮರಿಹುಳು ಹುಡುಕಬೇಕಾಯಿತು. ತಿಂಗಳಿಗೆ ಹುಡುಕಿದರೂ ಇರಲಿಲ್ಲ. ಗೌರಿಗೆ ಏಳನೆಯ ತಿಂಗಳು ಬಂತು. ನಾನು ಮಧುಗಿರಿಯಲ್ಲಿ ದಿನಕ್ಕೊಂದು ಸಲ ತೊಟ್ಟಿ ನೋಡುತ್ತಾ ಅವಳನ್ನು ನೆನೆಯುತ್ತಿದ್ದೆ. ಏಳು ಕಳೆಯಿತು. ಜ್ವರದ ಸುದ್ದಿ ಬರಲಿಲ್ಲ.

ಈ ನಡುವೆ ಮಲೇರಿಯಾ ಡಾಕ್ಟರು ಆ ಬಾವಿಯನ್ನು ನೋಡಲು ಹೋದರು. ಜೊತೆಗೆ ಒಂದು ಬಕೆಟ್ಟು ಮೀನನ್ನೂ ಒಯ್ದಿದ್ದರು. ಅಭ್ಯಾಸದಂತೆ ಮೇಲಿಂದಲೇ ಸುರಿಯಲು ಎತ್ತಿದರಂತೆ. ಶಿವಮ್ಮನವರು ಬಕೆಟ್ಟಿನ ಹಿಡಿ ಹಿಡಿದುಕೊಂಡು, ಬೀಗರನ್ನು ಅಟ್ಟದಿಂದ ತಳ್ಳುತ್ತೀರಾ ಸಾಹೇಬರೇ ಎಂದು ಕೇಳಿ, ಅವರನ್ನು ಎಂಟು ಮೊಳ ಹೂವಿನ ಹೊತ್ತು ಚಾಪೆಯ ಮೇಲೆ ಕೂರಿಸಿದರಂತೆ. ಯಜಮಾನರು ಹೇಳುವ ಪ್ರಕಾರ ಡಾಕ್ಟರು ಟೋಪಿ ತೆಗೆದದ್ದನ್ನು ಅವರು ನೋಡಿದ್ದು ಅವತ್ತೇ. ಆಮೇಲೆ ಬೆಂಗಳೂರಿನಿಂದ ಇಂಗ್ಲಿಷಿನಲ್ಲಿ ಒಂದು ಸುತ್ತೋಲೆ ಬಂತು. ಮಣ್ಣಿನ ಪಾತ್ರೆಯಲ್ಲೇ ಒಯ್ಯಬೇಕು, ತಾಮ್ರ ಕೂಡದು, ಸ್ಥಳದ ನೀರನ್ನು ಸ್ವಲ್ಪಸ್ವಲ್ಪವಾಗಿ ಬೆರೆಸಬೇಕು, ಎತ್ತರದಿಂದ ಸುರಿಯಬಾರದು. ಎಲ್ಲ ಇತ್ತು. ಬಿಡದಿ ಎನ್ನುವ ಮಾತು ಮಾತ್ರ ಇರಲಿಲ್ಲ. ಮದಾರ್ ಸಾಬರ ಮೊಸರೂ ಇರಲಿಲ್ಲ. ಅದಕ್ಕೇ ಸರೋಜ, ಇದನ್ನೆಲ್ಲ ನಿನಗೆ ಬರೆಯುತ್ತಿರುವುದು.

ದಿನ ತುಂಬುವ ಕಾಲಕ್ಕೆ ನಾನು ಕಾಗದದ ದಾರಿ ಕಾಯುತ್ತಿದ್ದೆ. ಕಾಗದ ಬರಲಿಲ್ಲ. ಒಂದು ಬೆಳಿಗ್ಗೆ ಪಾವಗಡದ ಬಸ್ಸಿನ ಕಂಡಕ್ಟರು ಎರಡು ಕೈಯಲ್ಲೂ ಜೋಪಾನವಾಗಿ ಒಂದು ಮಡಕೆ ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದ. ಬಾಯಿಗೆ ಒದ್ದೆ ಬಟ್ಟೆ ಕಟ್ಟಿ, ಅದರ ಮೇಲೆ ಅರಿಸಿನ ಕುಂಕುಮ, ಎರಡು ಅಡಿಕೆ, ಒಂದು ತುಂಡು ಕನಕಾಂಬರ. ದಾರಿಯುದ್ದಕ್ಕೂ ಮಡಕೆಯನ್ನು ನೆಲಕ್ಕೆ ಇಡಕೂಡದೆಂದು ಹೇಳಿದ್ದಾರೆ, ಟಿಕೆಟ್ಟು ಹರಿಯಲೂ ಆಗಲಿಲ್ಲ ಅಂತ ಗೊಣಗಿದ. ಆ ಅಮ್ಮ ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಬೇಕಂತೆ ಎಂದು ಬಾಗಿಲಲ್ಲಿ ನಿಂತೇ ಒಪ್ಪಿಸಿದ.

"ನಿಮ್ಮನೆ ಹೆಣ್ಮಕ್ಕಳು ಮತ್ತೆ ಹೆತ್ರು. ನಮ್ಮನೆ ಹೆಣ್ಮಗಳೂ ಹೆತ್ಲು. ಗಂಡುಮಗ, ಇಬ್ರೂ ಚೆನ್ನಾಗವ್ರೆ. ಮೊಮ್ಮಕ್ಕಳನ್ನ ನೋಡ್ಲಿ ಅಂತ ಕಳ್ಸಿದೀನಿ. ಇವು ಸವಳು ನೀರಲ್ಲಿ ಹುಟ್ಟಿದವು, ಸೀದಾ ತೊಟ್ಟಿಗೆ ಸುರೀಬ್ಯಾಡ ಅಂತ ಹೇಳು ಆ ಇನ್ಸ್‌ಪೆಕ್ಟರಮ್ಮಂಗೆ. ಬಿಡದೀಲಿ ಇಳ್ಸು ಅಂತ ಹೇಳು."

ಬಟ್ಟೆಯನ್ನು ಸ್ವಲ್ಪ ಸರಿಸಿ ನೋಡಿದೆ. ರೆಪ್ಪೆಕೂದಲಿನಷ್ಟು ಸಣ್ಣ ಮರಿಗಳು, ಎಣಿಸಲಾಗದಷ್ಟು, ಎಲ್ಲವೂ ತಳ ಹಿಡಿದು ಕೂತಿದ್ದವು. ಮತ್ತೆ ಮುಚ್ಚಿದೆ. ಮಡಕೆಯನ್ನು ನೆರಳಿಗೆ ಇಟ್ಟು, ತೆಂಗಿನ ಚಿಪ್ಪು ಹುಡುಕಿಕೊಂಡು, ಪಕ್ಕದ ಮನೆಯವರಿಂದ ಒಂದು ಮಂಕರಿ ಕನಕಾಂಬರ ಕೇಳಿ ತಂದು, ಕಟ್ಟಲು ಕೂತೆ.